ತೆಗೆದ ಕೆನೆ ಎಲ್ಲಿಗೆ ಹೋಯಿತು?



ನಮ್ಮ ಪಟ್ಟಣಗಳಲ್ಲಿ ಹಾಲು ಚೆಂಬನ್ನು ಬಿಟ್ಟು ಪ್ಯಾಕೆಟ್ಟನ್ನು ಸೇರಿ ಬಹುಕಾಲವಾಯಿತು. ಆ ಪ್ಯಾಕೆಟ್ಟಿನ ಮೇಲೆ ಹಸುವಿನ ಚಿತ್ರವಿರಲಿ ಬಿಡಲಿ, ಒಂದು ಅಂಕಿ ಮಾತ್ರ ತಪ್ಪದೆ ಅಚ್ಚಾಗಿರುತ್ತದೆ. ಟೋನ್ಡ್ ಹಾಲಾದರೆ ಕೊಬ್ಬು ಶೇಕಡಾ 3. ಡಬಲ್ ಟೋನ್ಡ್ ಆದರೆ ಒಂದೂವರೆ. ಸ್ಟ್ಯಾಂಡರ್ಡೈಸ್ಡ್ ಎಂಬುದಾದರೆ ನಾಲ್ಕೂವರೆ. ಕೆನೆಭರಿತ ಹಾಲಾದರೆ 6. ಐವತ್ತು ದಾಟಿದ ಗೃಹಸ್ಥರು ಬೆಳಗಿನ ವಾಯುವಿಹಾರ ಮುಗಿಸಿ ಹಾಲಿನ ಬೂತಿನ ಮುಂದೆ ನಿಂತು ಈ ಅಂಕಿಯನ್ನು ಓದುವ ಕ್ರಮವನ್ನು ಕಂಡರೆ, ಅದು ಹಾಲನ್ನು ಕುರಿತ ಮಾಹಿತಿಯೆಂದಲ್ಲ, ತಮ್ಮ ಆಯುಷ್ಯವನ್ನು ಕುರಿತ ತೀರ್ಪೆಂದೇ ಅವರು ಭಾವಿಸಿದಂತೆ ತೋರುತ್ತದೆ. ಅವರ ಭಯ ನಿರಾಧಾರವಾದುದೆಂದು ನಾನು ಹೇಳುವುದಿಲ್ಲ. ಐವತ್ತೆರಡು ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನದ ಲೆಕ್ಕಗಳಿಂದ ತಿಳಿದುಬಂದುದೇನೆಂದರೆ, ಮೊದಲ ಹೃದಯಾಘಾತವು ದಕ್ಷಿಣ ಏಷ್ಯದವರಿಗೆ ಸುಮಾರು 53ರ ವಯಸ್ಸಿನಲ್ಲಿ ಒದಗುತ್ತದೆ. ಉಳಿದ ದೇಶಗಳವರಿಗಾದರೋ ಅದಕ್ಕಿಂತ ಐದಾರು ವರ್ಷ ತಡವಾಗಿ. ಭಯಕ್ಕೆ ಕಾರಣ ಉಂಟು. ಆದರೆ ಭಯಪಟ್ಟವನು ಸರಿಯಾದ ಪ್ರಶ್ನೆಯನ್ನು ಕೇಳುತ್ತಾನೆಯೆ ಎಂಬುದು ಬೇರೆ ಮಾತು. ಮತ್ತು ಆಹಾರವನ್ನು ಮಾರುವವರು, ನಾವು ಸರಿಯಾದ ಪ್ರಶ್ನೆಯನ್ನು ಕೇಳದಿರಲೆಂದೇ ಅನೇಕ ವೇಳೆ ತಪ್ಪು ಪ್ರಶ್ನೆಗೆ ಬಹು ಸೊಗಸಾದ ಉತ್ತರವನ್ನು ಸಿದ್ಧಪಡಿಸಿ ಇಟ್ಟಿರುತ್ತಾರೆ.

‘ಕೊಬ್ಬು ಎಷ್ಟಿದೆ?’ ಎಂಬುದು ಅಪೂರ್ಣವಾದ ಪ್ರಶ್ನೆ. ತೆಗೆದ ಕೊಬ್ಬು ಎಲ್ಲಿಗೆ ಹೋಯಿತು, ಅದು ತೆರವು ಮಾಡಿದ ಸ್ಥಾನಕ್ಕೆ ಬಂದು ಕುಳಿತದ್ದು ಯಾವುದು ಎಂದು ಕೇಳಿದಾಗಲೇ ಅದು ಪೂರ್ಣವಾಗುವುದು.

ಮೊದಲು ಅಂಕಿಯ ಸ್ವರೂಪವನ್ನೇ ಪರಿಶೀಲಿಸೋಣ. ಶೇಕಡಾ 3 ಎಂಬುದು ತೂಕದ ಲೆಕ್ಕ. ನೂರು ಗ್ರಾಂ ಟೋನ್ಡ್ ಹಾಲಿನಲ್ಲಿ 88 ಗ್ರಾಮಿಗಿಂತ ಹೆಚ್ಚು ಬರಿಯ ನೀರು. ನೀರಿನಿಂದ ಶರೀರಕ್ಕೆ ಶಕ್ತಿಯೇನೂ ದೊರೆಯುವುದಿಲ್ಲವಾದ್ದರಿಂದ, ಹಾಲಿನಿಂದ ಬರುವ ಶಕ್ತಿಯಲ್ಲಿ ಕೊಬ್ಬಿನ ಪಾಲೆಷ್ಟು ಎಂದು ನೋಡುವುದೇ ನ್ಯಾಯ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿಯಂತೆ 3 ಗ್ರಾಮಿಗೆ 27 ಆಯಿತು. ಆ ನೂರು ಗ್ರಾಂ ಹಾಲಿನ ಒಟ್ಟು ಶಕ್ತಿ ಸುಮಾರು 58 ಕ್ಯಾಲೊರಿ. ಎಂದರೆ, ಶೇಕಡಾ 3 ಎಂದು ಸಂಕೋಚದಿಂದ ನಿಂತಿದ್ದ ಅಂಕಿ ಶಕ್ತಿಯ ಲೆಕ್ಕದಲ್ಲಿ ಅರ್ಧಕ್ಕೆ ಸಮೀಪವಾಯಿತು. ಇದೇ ಹಾಲನ್ನು ಚತುರನಾದ ವರ್ತಕನೊಬ್ಬನು ‘ಶೇಕಡಾ 97ರಷ್ಟು ಕೊಬ್ಬಿಲ್ಲದ್ದು’ ಎಂದು ಸಾರಿದರೆ ಅವನು ಸುಳ್ಳಾಡಿದಂತೆಯೂ ಆಗುವುದಿಲ್ಲ, ಕೇಳಿದವನು ನಿಜವನ್ನು ತಿಳಿದಂತೆಯೂ ಆಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ದ್ರವಪದಾರ್ಥವೊಂದನ್ನು ಅಲ್ಪಕೊಬ್ಬಿನದೆಂದು ಹೇಳಿಕೊಳ್ಳಬೇಕಾದರೆ ನೂರು ಮಿಲಿಲೀಟರಿನಲ್ಲಿ ಒಂದೂವರೆ ಗ್ರಾಮಿಗೆ ಮೀರಿ ಕೊಬ್ಬಿರಬಾರದು. ನಮ್ಮಲ್ಲಿ ಅನೇಕರು ಪಥ್ಯದ ಹಾಲೆಂದು ನಂಬಿ ಕುಡಿಯುವ ಟೋನ್ಡ್ ಹಾಲು ಆ ಮಿತಿಯ ಎರಡರಷ್ಟಿದೆ.

ಹಾಗಾದರೆ ಈ ಟೋನ್ಡ್ ಹಾಲು ಹುಟ್ಟಿದ್ದು ಯಾರ ಆರೋಗ್ಯಕ್ಕಾಗಿ? ಯಾರ ಹೃದಯಕ್ಕಾಗಿಯೂ ಅಲ್ಲ. ಅದು ಹುಟ್ಟಿದ್ದು ಬಡತನದ ನಿವಾರಣೋಪಾಯವಾಗಿ, 1946ರಲ್ಲಿ, ಬೊಂಬಾಯಿಯಲ್ಲಿ. ಅಲ್ಲಿ ಹಾಲೆಂದರೆ ಬಹುಪಾಲು ಎಮ್ಮೆಯ ಹಾಲು. ಏಳರ ಸಮೀಪದ ಕೊಬ್ಬು, ಅದಕ್ಕೆ ತಕ್ಕ ಬೆಲೆ. ಬಡವನ ಮನೆಯ ಮಗುವಿಗೆ ಎಟುಕದು. ಆ ನಗರದ ಹಾಲು ಸರಬರಾಜಿನ ಹೊಣೆಯನ್ನು ಹೊತ್ತಿದ್ದ ದಾರಾ ಖುರೋಡಿ ಎಂಬ ಅಧಿಕಾರಿ—ಆರೆ ಹಾಲಿನ ಕಾಲೊನಿಯನ್ನು ಕಟ್ಟಿದವರು ಇವರೇ, ಮುಂದೆ 1963ರಲ್ಲಿ ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ ಪಟೇಲರೊಡನೆ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಹಂಚಿಕೊಂಡವರೂ ಇವರೇ—ಎಮ್ಮೆಯ ಹಾಲಿಗೆ ನೀರನ್ನೂ ಕೆನೆ ತೆಗೆದ ಹಾಲಿನ ಪುಡಿಯನ್ನೂ ಲೆಕ್ಕವಿಟ್ಟು ಬೆರೆಸಿ, ಕೊಬ್ಬು ಮೂರಕ್ಕಿಳಿದರೂ ಸಸಾರಜನಕವೂ ಸುಣ್ಣಾಂಶವೂ ಕುಗ್ಗದ ಅಗ್ಗದ ಹಾಲೊಂದನ್ನು ರೂಪಿಸಿದರು. ಹಾಲಿಗೆ ನೀರು ಬೆರೆಸುವ ಕಲೆಯಲ್ಲಿ ನಮ್ಮ ದೇಶಕ್ಕೆ ಗುರುಗಳ ಅವಶ್ಯಕತೆ ಎಂದೂ ಇರಲಿಲ್ಲ. ಆದರೆ ಅದನ್ನು ಹಗಲು ಬೆಳಕಿನಲ್ಲಿ, ಸರಕಾರದ ಮುದ್ರೆಯೊಡನೆ, ಕುಡಿಯುವವನ ಹಿತಕ್ಕಾಗಿ ಮಾಡಿದ್ದು ಬಹುಶಃ ಇದೇ ಮೊದಲು. ಒಂದು ಕ್ಯಾನು ಹಾಲು ಎರಡು ಕ್ಯಾನಾಗಿ, ಎರಡರಷ್ಟು ಮನೆಗಳಿಗೆ ಹೋಯಿತು. ಆಮೇಲೆ ಕಾಲ ಬದಲಾಯಿತು. ಅಗ್ಗದ ಹಾಲೆಂದು ಹುಟ್ಟಿದ್ದಕ್ಕೆ ಹಗುರವಾದ ಹಾಲೆಂಬ ಹೊಸ ಮರ್ಯಾದೆ ದೊರೆಯಿತು. ಹಾಲು ಅದೇ, ಅಂಕಿಯೂ ಅದೇ. ಅದನ್ನು ಹೊಗಳುವ ವಿಶೇಷಣ ಮಾತ್ರ ಬೇರೆ.

ಪಟ್ಟಣದಲ್ಲಿ ಭಯಕ್ಕೆ ಕಾರಣವಾದ ಈ ಕೊಬ್ಬು ಹಳ್ಳಿಯಲ್ಲಿ ಯಾವ ಸ್ಥಾನದಲ್ಲಿದೆ ಎಂಬುದನ್ನು ತಿಳಿಯಬೇಕಾದರೆ ಯಾವುದಾದರೂ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಬೆಳಗಿನ ಹೊತ್ತು ನಿಲ್ಲಬೇಕು. ಅದನ್ನು ಊರಿನವರು ಸಂಘವೆಂದು ಕರೆಯುವುದಿಲ್ಲ, ‘ಡೈರಿ’ ಎನ್ನುತ್ತಾರೆ. ಈಗ ಅಲ್ಲಿ ಕ್ಷಣಮಾತ್ರದಲ್ಲಿ ಅಂಕಿ ತೋರಿಸುವ ಯಂತ್ರ ಬಂದು ಕುಳಿತಿದೆ. ಅದಕ್ಕೆ ಮೊದಲು ಬಹುಕಾಲ ನಡೆಯುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಪರೀಕ್ಷೆ. ಅಂಕಗಳನ್ನು ಕೊರೆದ ಸಪೂರ ಕತ್ತಿನ ಗಾಜಿನ ನಳಿಗೆಗೆ ಹತ್ತು ಮಿಲಿಲೀಟರ್ ಗಂಧಕಾಮ್ಲ, ಅದರ ಮೇಲೆ ನಿಧಾನವಾಗಿ ಇಳಿಬಿಟ್ಟ ಹಾಲು, ಕೊನೆಗೆ ಒಂದಿಷ್ಟು ಅಮೈಲ್ ಆಲ್ಕೊಹಾಲು. ಬಿರಡೆ ಹಾಕಿ ಅಲುಗಿಸಿದೊಡನೆ ಬಿಳಿಯ ಹಾಲು ಕಂದಾಗಿ, ಕಪ್ಪಾಗಿ, ನಳಿಗೆ ಕೈಸುಡುವಷ್ಟು ಕಾಯುತ್ತದೆ. ಆಮ್ಲವು ಸಸಾರಜನಕವನ್ನೆಲ್ಲ ಕರಗಿಸಿ ಕೊಬ್ಬಿನ ಕಣಗಳನ್ನು ಬಿಡುಗಡೆ ಮಾಡಿದ ಮೇಲೆ, ನಳಿಗೆಯನ್ನು ಯಂತ್ರದಲ್ಲಿಟ್ಟು ಗರಗರನೆ ತಿರುಗಿಸಿದರೆ, ಕೊಬ್ಬು ಹೊಂಬಣ್ಣದ ತಿಳಿಯಾಗಿ ಕತ್ತಿನಲ್ಲಿ ಮೇಲೆದ್ದು ನಿಲ್ಲುತ್ತದೆ. ಆ ತಿಳಿಯ ಎತ್ತರವೇ ‘ಫ್ಯಾಟು’. ಅದರ ಮೇಲೆಯೇ ಬೆಲೆ. ಅದು ಮೂರೂವರೆಯಿಂದ ನಾಲ್ಕಕ್ಕೇರಿದರೆ ಹಸು ಕಟ್ಟಿದವನ ಮುಖ ಅರಳುತ್ತದೆ. ಅದೇ ಏರಿಕೆಯನ್ನು ಕಂಡರೆ ಪೇಟೆಯ ಗಿರಾಕಿಯ ಮುಖ ಬಾಡುತ್ತದೆ. ಇವರಿಬ್ಬರ ನಡುವೆ ನಿಂತಿರುವ ಹಾಲಿನ ಉದ್ಯಮವು, ಒಬ್ಬನಿಂದ ಹಣ ಕೊಟ್ಟು ಕೊಂಡ ಕೊಬ್ಬನ್ನು ಇನ್ನೊಬ್ಬನ ಸಮಾಧಾನಕ್ಕಾಗಿ ಚರಂಡಿಗೆ ಚೆಲ್ಲುವುದೆಂದು ಯಾರಾದರೂ ಭಾವಿಸಿದರೆ ಅವರಿಗೆ ವ್ಯಾಪಾರದ ಪರಿಚಯವಿಲ್ಲವೆಂದೇ ಹೇಳಬೇಕು.

ಕೊಬ್ಬು ಚರಂಡಿಗೆ ಹೋಗುವುದಿಲ್ಲ. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ ಕೆನೆ ಬೇರ್ಪಡಿಸುವ ಯಂತ್ರವನ್ನು ನಿರ್ಮಿಸಿದಂದಿನಿಂದ ಒಂದೇ ಹಾಲು ಎರಡು ಕೊಳವೆಗಳಲ್ಲಿ ಹರಿಯುತ್ತಿದೆ. ಒಂದರಲ್ಲಿ ಕೆನೆ, ಇನ್ನೊಂದರಲ್ಲಿ ಕೆನೆಯಿಲ್ಲದ್ದು. ಎರಡನೆಯದು ಆರೋಗ್ಯದ ಹೆಸರಿನಲ್ಲಿ ಒಂದು ಅಂಗಡಿಗೆ ಹೋದರೆ, ಮೊದಲನೆಯದು ಬೆಣ್ಣೆಯಾಗಿ, ತುಪ್ಪವಾಗಿ, ಪೇಡೆಯಾಗಿ, ನೂರಕ್ಕೆ ಹತ್ತರಷ್ಟಾದರೂ ಹಾಲಿನ ಕೊಬ್ಬು ಇರಲೇಬೇಕೆಂದು ಕಾನೂನು ವಿಧಿಸಿರುವ ಐಸ್‌ಕ್ರೀಮಾಗಿ, ಆನಂದದ ಹೆಸರಿನಲ್ಲಿ ಪಕ್ಕದ ಅಂಗಡಿಗೆ ಹೋಗುತ್ತದೆ. ಅನೇಕ ವೇಳೆ ಎರಡೂ ಅಂಗಡಿಗಳ ಗಿರಾಕಿ ಒಬ್ಬನೇ. ಕೊಬ್ಬಿನ ಅಭಾವಕ್ಕೆ ಒಮ್ಮೆ, ಅದರ ಸದ್ಭಾವಕ್ಕೆ ಒಮ್ಮೆ, ಹೀಗೆ ಒಂದೇ ಪದಾರ್ಥಕ್ಕೆ ಎರಡು ಸಲ ಹಣ ತೆತ್ತು, ಇಡೀ ಕೆನೆಯನ್ನು ಎರಡು ಕಂತಿನಲ್ಲಿ ಅವನು ಮನೆಗೆ ತರುತ್ತಾನೆ. ನಮ್ಮ ಗೃಹಿಣಿಯರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಮನೆಯ ಯಜಮಾನರಿಗೆ ವೈದ್ಯರು ಜಿಡ್ಡು ಬೇಡವೆಂದಿದ್ದಾರೆಂದು ಕಾಯಿಸಿ ಆರಿಸಿದ ಹಾಲಿನ ಕೆನೆಯನ್ನು ದಿನವೂ ತಪ್ಪದೆ ತೆಗೆದಿಡುತ್ತಾರೆ. ವಾರದ ಕೊನೆಯಲ್ಲಿ ಅದನ್ನು ಕಡೆದು ಕಾಯಿಸಿ ತುಪ್ಪ ಮಾಡುತ್ತಾರೆ. ಆ ತುಪ್ಪವನ್ನು, ಮನೆಯಲ್ಲಿ ಮಾಡಿದ್ದು, ಕಲಬೆರಕೆ ಇಲ್ಲದ್ದು ಎಂಬ ವಾತ್ಸಲ್ಯದಿಂದ ಅದೇ ಯಜಮಾನರ ಅನ್ನದ ಮೇಲೆ ಬಡಿಸುತ್ತಾರೆ.

ಕೊಬ್ಬಿನ ಮೇಲೆ ಜಗತ್ತಿನ ಕಣ್ಣು ಬಿದ್ದದ್ದು ಹೇಗೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ಹೃದಯಾಘಾತವಾಯಿತು. ಆ ರಾಷ್ಟ್ರವೆಲ್ಲ ಒಮ್ಮೆಲೇ ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡಿತು. ಅದಕ್ಕೆ ಮೊದಲೇ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ, ಆಹಾರದ ಕೊಬ್ಬಿಗೂ ರಕ್ತದ ಕೊಲೆಸ್ಟರಾಲಿಗೂ ಹೃದ್ರೋಗಕ್ಕೂ ಸಂಬಂಧವುಂಟೆಂದು ವಾದಿಸುತ್ತಿದ್ದನು. 1958ರಲ್ಲಿ ಏಳು ದೇಶಗಳ ಅಧ್ಯಯನವೆಂದು ಪ್ರಸಿದ್ಧವಾದ ಕಾರ್ಯವನ್ನು ಆರಂಭಿಸಿದನು. 1961ರ ಜನವರಿಯಲ್ಲಿ ‘ಟೈಮ್’ ಪತ್ರಿಕೆಯ ಮುಖಪುಟದ ಮೇಲೆ ಅವನ ಚಿತ್ರ ಬಂದಿತು. ಅವನು ದೇಶಗಳನ್ನು ಆರಿಸಿಕೊಂಡ ರೀತಿಯನ್ನು ಕುರಿತು ಟೀಕೆಗಳಿವೆ, ಅವುಗಳಲ್ಲಿ ಕೆಲವು ಯುಕ್ತವಾದವೂ ಹೌದು. ಆದರೆ ಆ ಏಳು ದೇಶಗಳಲ್ಲಿ ಫಿನ್ಲೆಂಡಿನ ಪೂರ್ವಭಾಗದ ಗಂಡಸರು ಉಳಿದೆಲ್ಲರಿಗಿಂತ ಹೆಚ್ಚಾಗಿ ಹೃದಯಾಘಾತದಿಂದ ಸಾಯುತ್ತಿದ್ದರೆಂಬುದು ಟೀಕಾಕಾರರೂ ಅಲ್ಲಗಳೆಯಲಾಗದ ಸಂಗತಿ. ಮತ್ತು ಆ ಸೀಮೆಯಲ್ಲಿ ಆಮೇಲೆ ನಡೆದ ವೃತ್ತಾಂತವು ಯಾವ ಗ್ರಂಥಸ್ಥ ವಾದಕ್ಕಿಂತಲೂ ನಮಗೆ ಬೋಧಪ್ರದವಾದುದು.

ಉತ್ತರ ಕರೇಲಿಯ ಎಂಬ ಆ ಪ್ರಾಂತ ರಷ್ಯದ ಗಡಿಗೆ ಅಂಟಿಕೊಂಡಿರುವ ಕಾಡು ಮತ್ತು ಸರೋವರಗಳ ನಾಡು. ಅಲ್ಲಿಯ ಜನ ಮರ ಕಡಿಯುವವರು, ಹಸು ಸಾಕುವವರು. ದುಡಿದು ಉಕ್ಕಿನಂತಾದ ಮೈಯವರು. ಬೆಣ್ಣೆ ಬಳಿಯದ ಬ್ರೆಡ್ಡು ಅವರಿಗೆ ಬ್ರೆಡ್ಡಲ್ಲ; ಕೆನೆಯುಳ್ಳ ಹಾಲು ಊಟದ ಪಾನೀಯ; ಉಪ್ಪು ಧಾರಾಳ; ಗಂಡಸರಲ್ಲಿ ಸಿಗರೇಟು ಸೇದುವವರು ಬಹಳ. ನಲವತ್ತು ಐವತ್ತರ ವಯಸ್ಸಿನಲ್ಲಿ, ಹೊಲದಲ್ಲಿಯೋ ಕಾಡಿನಲ್ಲಿಯೋ ಕುಸಿದು ಬೀಳುವ ಗಂಡಸರ ಸಂಖ್ಯೆಯನ್ನು ಕಂಡು ಪ್ರಾಂತದ ಪ್ರಮುಖರೇ ಸರಕಾರಕ್ಕೆ ಅರ್ಜಿ ಬರೆದರು. 1972ರಲ್ಲಿ ಪೆಕ್ಕ ಪುಸ್ಕ ಎಂಬ, ಇನ್ನೂ ಮೂವತ್ತು ತುಂಬದ ವೈದ್ಯನ ನೇತೃತ್ವದಲ್ಲಿ ಕೆಲಸ ಮೊದಲಾಯಿತು. ಹಸು ಸಾಕಿ ಬದುಕುವವನ ಮನೆಗೆ ಹೋಗಿ ಬೆಣ್ಣೆ ಬಿಡು ಎನ್ನುವುದು ಎಷ್ಟು ಕಠಿನವೆಂಬುದನ್ನು ಮಂಡ್ಯ ಕೋಲಾರಗಳ ಶ್ರೋತೃಗಳಿಗೆ ನಾನು ವಿವರಿಸಬೇಕಾಗಿಲ್ಲ. ಆತನು ಭಾಷಣಕ್ಕಿಂತ ಹೆಚ್ಚಾಗಿ ಊರಿನ ಹೆಂಗಸರ ಸಂಘಗಳನ್ನು ಹಿಡಿದನು. ಆ ಸಂಘಗಳವರು ಊರೂರಿನಲ್ಲಿ ಸೇರಿ, ಹಳೆಯ ಅಡಿಗೆಗಳನ್ನೇ ಕೊಬ್ಬು ಇಳಿಸಿ ತರಕಾರಿ ಏರಿಸಿ ಮಾಡಿ ಬಡಿಸಿದರು. ಮುಂದೆ ಯಾವ ಹಳ್ಳಿಯವರ ಕೊಲೆಸ್ಟರಾಲು ಹೆಚ್ಚು ಇಳಿಯುವುದೆಂದು ಹಳ್ಳಿ ಹಳ್ಳಿಗಳ ನಡುವೆ ಪಂದ್ಯಗಳೂ ನಡೆದುವು. ಆದರೆ ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಭಾಗ ಯಾವುದೆಂದರೆ, ಬೆಣ್ಣೆಯ ಬೇಡಿಕೆ ಇಳಿದರೆ ಹಾಲಿನ ರೈತನ ಗತಿಯೇನು ಎಂಬುದನ್ನು ಅವರು ಮರೆಯಲಿಲ್ಲವೆಂಬುದು. ಆ ಚಳಿನಾಡಿನಲ್ಲಿ ಚೆನ್ನಾಗಿ ಫಲಿಸುವ ಕಾಡುಹಣ್ಣುಗಳನ್ನು ಬೆಳೆಯಲು ಹೈನುಗಾರರಿಗೆ ನೆರವು ಕೊಟ್ಟರು. ಅಲ್ಲಿಯೇ ಬೆಳೆಯಬಲ್ಲ ಎಣ್ಣೆಕಾಳಿನ ತಳಿಗಳು ಬಂದು, ಬೆಣ್ಣೆಯ ಸ್ಥಾನಕ್ಕೆ ದೇಶದ ಎಣ್ಣೆಯೇ ಬಂದಿತು. ನಲವತ್ತು ವರ್ಷಗಳಲ್ಲಿ, ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು.

ಇದೆಲ್ಲ ಬೆಣ್ಣೆಯನ್ನು ಬಿಟ್ಟುದರ ಫಲವೆಂದು ಹೇಳುವುದು ತಪ್ಪಾದೀತು. ತಂಬಾಕು ಕಡಮೆಯಾಯಿತು, ಉಪ್ಪು ಕಡಮೆಯಾಯಿತು, ರಕ್ತದೊತ್ತಡದ ಚಿಕಿತ್ಸೆ ಬಂದಿತು. ಆದರೂ ಕೊಲೆಸ್ಟರಾಲಿನ ಇಳಿತಕ್ಕೆ ಅದರಲ್ಲಿ ದೊಡ್ಡ ಪಾಲುಂಟು. ಕೊಬ್ಬು ತೆರವು ಮಾಡಿದ ಸ್ಥಾನವನ್ನು ಅಲ್ಲಿ ಎಣ್ಣೆ, ತರಕಾರಿ, ಹಣ್ಣುಗಳು ತುಂಬಿದುವೆಂಬುದನ್ನು ನೆನಪಿನಲ್ಲಿಡಿ. ಏಕೆಂದರೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಆ ಸ್ಥಾನವನ್ನು ತುಂಬಿದ್ದು ಸಕ್ಕರೆ.

ಕೊಬ್ಬು ತೆಗೆದ ತಿನಿಸಿಗೆ ರುಚಿಯಿರುವುದಿಲ್ಲ. ರುಚಿಯಿಲ್ಲದ್ದನ್ನು ಮಾರುವುದು ಬ್ರಹ್ಮನಿಗೂ ಅಸಾಧ್ಯವಾದ್ದರಿಂದ ಕಾರ್ಖಾನೆಗಳು ಸಕ್ಕರೆಯನ್ನೂ ಪಿಷ್ಟವನ್ನೂ ಸುರಿದು ಆ ಕೊರತೆಯನ್ನು ನೀಗಿಕೊಂಡುವು. 1992ರಲ್ಲಿ ನಬಿಸ್ಕೊ ಸಂಸ್ಥೆ ಹೊರತಂದ ಸ್ನ್ಯಾಕ್‌ವೆಲ್ಸ್ ಎಂಬ ಕೊಬ್ಬಿಲ್ಲದ ಬಿಸ್ಕತ್ತುಗಳಿಗಾಗಿ ಜನ ಅಂಗಡಿಗಳಿಗೆ ಮುಗಿಬಿದ್ದರು. ಕೊಬ್ಬಿಲ್ಲವೆಂದ ಮೇಲೆ ಎಷ್ಟು ತಿಂದರೇನು ಎಂಬುದು ಅವರ ತರ್ಕ. ಸಕ್ಕರೆಯ ವರ್ತಕರು ಈ ತರ್ಕದ ಹುಟ್ಟಿಗೆ ಕೇವಲ ಸಾಕ್ಷಿಗಳಾಗಿರಲಿಲ್ಲ. ಅಮೆರಿಕದ ಸಕ್ಕರೆ ಸಂಶೋಧನಾ ಪ್ರತಿಷ್ಠಾನವೆಂಬ ವ್ಯಾಪಾರಸಂಘವು ಹಾರ್ವರ್ಡಿನ ಪಂಡಿತರಿಗೆ ಸುಮಾರು 6,500 ಡಾಲರ್ ಕೊಟ್ಟು ಒಂದು ವಿಮರ್ಶಾಲೇಖನವನ್ನು ಬರೆಯಿಸಿತು. 1967ರಲ್ಲಿ ಪ್ರತಿಷ್ಠಿತ ವೈದ್ಯಪತ್ರಿಕೆಯೊಂದರಲ್ಲಿ ಅದು ಪ್ರಕಟವಾಯಿತು. ಅಪರಾಧವನ್ನು ಕೊಬ್ಬಿನ ಮೇಲೆ ಹೊರಿಸಿ ಸಕ್ಕರೆಯ ಪಾತ್ರವನ್ನು ಹಗುರಗೊಳಿಸುವುದು ಅದರ ಧಾಟಿ. ಯಾರ ಹಣದಿಂದ ಬರೆದದ್ದೆಂಬುದು ಅದರಲ್ಲಿ ಅಚ್ಚಾಗಲಿಲ್ಲ. ಹಳೆಯ ಪತ್ರವ್ಯವಹಾರವನ್ನು ಕೆದಕಿದ ಸಂಶೋಧಕರು ಅದನ್ನು ಬಯಲಿಗೆಳೆದದ್ದು 2016ರಲ್ಲಿ. ಅಷ್ಟರಲ್ಲಿ ಆ ಪಂಡಿತರೂ ಕಾಲವಾಗಿದ್ದರು. ಇದನ್ನೇ ಮುಂದಿಟ್ಟುಕೊಂಡು, ಕೊಬ್ಬಿನ ವಿಷಯವಾಗಿ ಹೇಳಿದ್ದೆಲ್ಲ ಕೂಲಿಯ ಮಾತೆಂದು ಇಂದು ಕೆಲವರು ಪ್ರಚಾರ ಮಾಡುತ್ತಿದ್ದಾರೆ. ಅದೂ ಸರಿಯಲ್ಲ, ಒಬ್ಬ ಆರೋಪಿಯನ್ನು ಕೈಬಿಟ್ಟರೆಂದು ಇನ್ನೊಬ್ಬನು ನಿರಪರಾಧಿಯಾಗುವುದಿಲ್ಲ.

ನಮ್ಮ ದೇಶದಲ್ಲಿ ಹಾಲಿನ ಕೊಬ್ಬಿನ ಸ್ಥಾನಕ್ಕೆ ಸಕ್ಕರೆಗಿಂತ ಮೊದಲೇ ಬಂದು ಕುಳಿತದ್ದು ಮತ್ತೊಂದು: ವನಸ್ಪತಿ. 1937ರಲ್ಲಿ ಡಾಲ್ಡಾ ಎಂಬ ಹೆಸರಿನಿಂದ, ಹಳದಿ ಡಬ್ಬಿಯ ಮೇಲೆ ಹಸಿರು ಖರ್ಜೂರದ ಮರವನ್ನು ಧರಿಸಿ ಬಂದ ಈ ಪದಾರ್ಥವು ತುಪ್ಪದ ಮರಳುಮರಳನ್ನೂ ಬಣ್ಣವನ್ನೂ ಅನುಕರಿಸಿ, ಬೆಲೆಯಲ್ಲಿ ಮಾತ್ರ ಅನುಕರಿಸದೆ, ಮಧ್ಯಮವರ್ಗದ ಅಡಿಗೆಮನೆಯನ್ನು ಗೆದ್ದಿತು. ತುಪ್ಪಕ್ಕೆ ಅದನ್ನು ಬೆರೆಸುವ ಕಳ್ಳದಾರಿ ಕೂಡಲೇ ತೆರೆಯಿತು. ಅದನ್ನು ಮುಚ್ಚಲು ಸರಕಾರ ಮಾಡಿದ ಉಪಾಯ ಬಲು ಜಾಣತನದ್ದು: ಎಲ್ಲ ವನಸ್ಪತಿಗೂ ಶೇಕಡಾ 5ರಷ್ಟು ಎಳ್ಳೆಣ್ಣೆಯನ್ನು ಸೇರಿಸಲೇಬೇಕೆಂದು ವಿಧಿಸಿದರು. ಎಳ್ಳೆಣ್ಣೆಯಿರುವ ತುಪ್ಪಕ್ಕೆ ಹೈಡ್ರೊಕ್ಲೋರಿಕ್ ಆಮ್ಲವನ್ನೂ ಫರ್ಫ್ಯೂರಲ್ ಎಂಬ ದ್ರವದ ಎರಡು ಹನಿಯನ್ನೂ ಹಾಕಿ ಕುಲುಕಿದರೆ ತಳದಲ್ಲಿ ಕುಂಕುಮದ ಕೆಂಪು ಮೂಡುತ್ತದೆ. ತುಪ್ಪ ಶುದ್ಧವಾಗಿದ್ದರೆ ಮೂಡುವುದಿಲ್ಲ. ಕಳ್ಳನ ಜೇಬಿನಲ್ಲಿ ಸಾಕ್ಷಿಯನ್ನು ಮೊದಲೇ ಇಟ್ಟು ಕಳಿಸಿದ್ದರು. ಆದರೆ ಆ ಪರೀಕ್ಷೆ ಪತ್ತೆಹಚ್ಚುತ್ತಿದ್ದದ್ದು ಮೋಸವನ್ನು, ವಿಷವನ್ನಲ್ಲ. ದ್ರವವಾದ ಎಣ್ಣೆಗೆ ಜಲಜನಕವನ್ನು ಹಾಯಿಸಿ ಗಟ್ಟಿಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು, ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲಿ ಹಾಲೆಂಡಿನ ವಿಜ್ಞಾನಿಗಳು ತೋರಿಸಿಕೊಟ್ಟರು. 2003ರಲ್ಲಿ ಡೆನ್ಮಾರ್ಕು ಅದಕ್ಕೆ ಕಾನೂನಿನ ಮಿತಿಯನ್ನು ಹಾಕಿತು. ನಮ್ಮಲ್ಲಿ ಹತ್ತು, ಐದು, ಮೂರು ಎಂದು ಮೆಟ್ಟಿಲಿಳಿದು, ಎಣ್ಣೆ ಕೊಬ್ಬುಗಳಲ್ಲಿ ಅದು ಶೇಕಡಾ ಎರಡನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ತುಪ್ಪದ ಬೆಲೆಗೆ ಹೆದರಿ ಎರಡು ತಲೆಮಾರಿನ ಜನ ಆಶ್ರಯಿಸಿದ್ದು ತುಪ್ಪಕ್ಕಿಂತ ಕೆಡುಕಾದುದನ್ನು. ಆ ಡಬ್ಬಿಗಳು ಖಾಲಿಯಾದ ಮೇಲೆ ನಮ್ಮ ಮನೆಗಳಲ್ಲಿ ಬೇಳೆ ತುಂಬಿಡುವುದಕ್ಕೂ ತುಳಸಿ ನೆಡುವುದಕ್ಕೂ ಒದಗಿದುವು. ಅವುಗಳಿಂದಾದ ನಿರಪಾಯಕರವಾದ ಉಪಯೋಗ ಬಹುಶಃ ಅದೊಂದೇ.

ಈಚೆಗೆ ಗಾಳಿ ಹಿಂದಿರುಗಿ ಬೀಸತೊಡಗಿದೆ. ತುಪ್ಪ ಅಮೃತ, ಎಷ್ಟು ತಿಂದರೂ ಹೃದಯಕ್ಕೆ ಹಿತ ಎಂಬ ಘೋಷಣೆ ಈಗಿನ ವರ್ತಕರದು. ಗಾಜಿನ ಸೀಸೆ, ಗೋಮಾತೆಯ ಚಿತ್ರ, ಮೂರರಷ್ಟು ಬೆಲೆ. ಹಾಲಿನ ಕೊಬ್ಬಿಗೆ ಬದಲಾಗಿ ಗಿಡದ ಕೊಬ್ಬನ್ನು ಹಾಕಿದ ಫ್ರೋಜನ್ ಡೆಸರ್ಟನ್ನು ಐಸ್‌ಕ್ರೀಮಿನ ಜಾಹೀರಾತೊಂದು ಹಳಿಯಿತೆಂದು 2017ರಲ್ಲಿ ಎರಡು ದೊಡ್ಡ ಸಂಸ್ಥೆಗಳು ಬೊಂಬಾಯಿಯ ಹೈಕೋರ್ಟಿನಲ್ಲಿ ಕಾದಾಡಿದುವು. ಆ ಜಾಹೀರಾತಿನಲ್ಲಿ ಹಾಲಿನ ಕೊಬ್ಬೇ ಕುಲೀನತೆಯ ಲಕ್ಷಣವಾಗಿ ಪ್ರಶಂಸೆಗೊಂಡಿತ್ತು. ಇತ್ತ ಎಣ್ಣೆಯ ವರ್ತಕರು ತಮ್ಮ ಡಬ್ಬಿಗಳ ಮೇಲೆ ಹೃದಯದ ಚಿತ್ರವನ್ನು ಬರೆದು ‘ಕೊಲೆಸ್ಟರಾಲ್ ಇಲ್ಲದ್ದು’ ಎಂದು ಸಾರುತ್ತಿದ್ದರು. ಭೂಮಿಯ ಮೇಲೆ ಹುಟ್ಟಿದ ಯಾವ ಅಡಿಗೆಯೆಣ್ಣೆಯಲ್ಲಿ ಅದು ಹೇಳುವಷ್ಟಿತ್ತು?

ಈ ಹಿಂದಿರುಗಿದ ಗಾಳಿಗೆ ವಿಜ್ಞಾನದ ಆಧಾರ ಸ್ವಲ್ಪ ಇಲ್ಲದಿಲ್ಲ, ಸ್ವಲ್ಪ ಮಾತ್ರ. ಇಪ್ಪತ್ತೊಂದು ದೇಶಗಳ ಸುಮಾರು 1,36,000 ಜನರನ್ನು ಅನೇಕ ವರ್ಷ ಹಿಂಬಾಲಿಸಿದ ಪ್ಯೂರ್ ಎಂಬ ಅಧ್ಯಯನದಲ್ಲಿ—ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಸಂಸ್ಥೆಯೂ ಇದರಲ್ಲಿ ಪಾಲುಗೊಂಡಿದೆ—ಹಾಲು ಮೊಸರುಗಳನ್ನು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಸೇವಿಸುವವರಲ್ಲಿ, ಅದು ಕೆನೆಯುಳ್ಳದ್ದಾದರೂ, ಸಾವೂ ಹೃದ್ರೋಗವೂ ಹೆಚ್ಚಿರಲಿಲ್ಲ, ಕಡಮೆಯೇ ಇದ್ದುವೆಂದು 2018ರಲ್ಲಿ ವರದಿಯಾಯಿತು. ಇಂಥ ಅಧ್ಯಯನಗಳು ಎರಡು ಸಂಗತಿಗಳು ಜತೆಯಲ್ಲಿರುವುದನ್ನು ತೋರಿಸುವುವೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧಪಡಿಸಲಾರವು; ಬಡದೇಶಗಳಲ್ಲಿ ಹಾಲು ಕೊಳ್ಳಬಲ್ಲವನು ಔಷಧವನ್ನೂ ಕೊಳ್ಳಬಲ್ಲನು. ಇದಕ್ಕಿಂತ ಕುತೂಹಲಕರವಾದುದು ಸ್ವೀಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ. ಹಾಲಿನಲ್ಲಿ ಕೊಬ್ಬು ಸೂಕ್ಷ್ಮವಾದ ಗೋಲಿಗಳಾಗಿ ತೇಲುತ್ತದೆ. ಪ್ರತಿಯೊಂದು ಗೋಲಿಗೂ ಒಂದು ತೆಳುವಾದ ಪೊರೆ. ಎಂಟು ವಾರ ಒಂದು ಗುಂಪಿಗೆ ದಿನಕ್ಕೆ 40 ಗ್ರಾಂ ಹಾಲಿನ ಕೊಬ್ಬನ್ನು ಈ ಪೊರೆಯೊಡನೆ ಕೆನೆಯ ರೂಪದಲ್ಲಿಯೂ, ಇನ್ನೊಂದಕ್ಕೆ ಅಷ್ಟೇ ಕೊಬ್ಬನ್ನು ಪೊರೆಯಿಲ್ಲದೆ ಕಾಸಿದ ಬೆಣ್ಣೆಯಂಥ ರೂಪದಲ್ಲಿಯೂ ಕೊಟ್ಟರು. ಎರಡನೆಯ ಗುಂಪಿನವರಲ್ಲಿ ಕೆಟ್ಟ ಕೊಲೆಸ್ಟರಾಲು ಏರಿತು, ಮೊದಲನೆಯವರಲ್ಲಿ ಏರಲಿಲ್ಲ. ನಮ್ಮ ಕಡೆಗೋಲು ಮಾಡುವ ಕೆಲಸವಾದರೂ ಏನು? ಆ ಪೊರೆಯನ್ನು ಒಡೆದು ಕೊಬ್ಬಿನ ಗೋಲಿಗಳನ್ನು ಒಂದಕ್ಕೊಂದು ಅಂಟಿಸುವುದೇ ಕಡೆಯುವುದು. ಒಡೆದ ಪೊರೆಯ ಬಹುಭಾಗ ಮಜ್ಜಿಗೆಯ ಪಾಲಾಗುತ್ತದೆ, ಬೆತ್ತಲೆ ಕೊಬ್ಬು ತುಪ್ಪವಾಗುತ್ತದೆ. ಒಂದು ಸಣ್ಣ ಪ್ರಯೋಗದ ಮೇಲೆ ದೊಡ್ಡ ಸೌಧವನ್ನು ಕಟ್ಟಬಾರದು. ಆದರೂ ಅಷ್ಟೇ ಕೊಬ್ಬುಳ್ಳ ಬೆಣ್ಣೆಗೆ ಹೋಲಿಸಿದರೆ ಚೀಸು ಕೊಲೆಸ್ಟರಾಲನ್ನು ಕಡಮೆ ಏರಿಸುವುದೆಂದು ಬೇರೆ ಪ್ರಯೋಗಗಳೂ ತೋರಿಸಿರುವುದರಿಂದ, ಹಾಲು ಮೊಸರುಗಳಿಗೆ ದೊರೆತ ರಿಯಾಯಿತಿಯನ್ನು ತುಪ್ಪದ ವರ್ತಕನು ತನ್ನ ಖಾತೆಗೆ ಜಮಾ ಮಾಡಿಕೊಳ್ಳುವುದು ಅನ್ಯಾಯವೆಂದಷ್ಟು ಧೈರ್ಯವಾಗಿ ಹೇಳಬಹುದು. ಹಾಲಿನ ಕೊಬ್ಬಿನಲ್ಲಿ ಶೇಕಡಾ ಅರುವತ್ತಕ್ಕಿಂತ ಹೆಚ್ಚು ಪರ್ಯಾಪ್ತ, ಎಂದರೆ ಸ್ಯಾಚುರೇಟೆಡ್, ಕೊಬ್ಬು. ಅದರ ಸ್ಥಾನಕ್ಕೆ ಕಡಲೆಕಾಯಿ, ಎಳ್ಳು, ಸೂರ್ಯಕಾಂತಿಗಳ ದ್ರವವಾದ ಎಣ್ಣೆ ಬಂದರೆ ಹೃದಯಕ್ಕೆ ಲಾಭ; ಸಕ್ಕರೆಯೂ ಮೈದಾಹಿಟ್ಟೂ ಬಂದರೆ ಲಾಭವಿಲ್ಲ. ಇಷ್ಟು ವರ್ಷಗಳ ವಾದವಿವಾದಗಳನ್ನು ಸೋಸಿದ ಮೇಲೂ ಉಳಿದು ನಿಂತಿರುವ ಮಾತು ಇದು.

ಇನ್ನು ಮನೆಯ ಲೆಕ್ಕ. ಅರ್ಧ ಲೀಟರಿನ ಟೋನ್ಡ್ ಹಾಲಿನಲ್ಲಿರುವ ಕೊಬ್ಬು ಸುಮಾರು 15 ಗ್ರಾಂ, ಎಂದರೆ ಮೂರು ಸಣ್ಣ ಚಮಚ ತುಪ್ಪದಷ್ಟು. ಕೆನೆಭರಿತ ಹಾಲಾದರೆ ಅದರ ಎರಡರಷ್ಟು. ಪರ್ಯಾಪ್ತ ಕೊಬ್ಬಿನಿಂದ ಬರುವ ಶಕ್ತಿ ದಿನದ ಒಟ್ಟಿನಲ್ಲಿ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ದಿನಕ್ಕೆ 2,000 ಕ್ಯಾಲೊರಿ ಸೇವಿಸುವವನಿಗೆ ಅದು ಸುಮಾರು 22 ಗ್ರಾಂ. ಎರಡು ಲೋಟ ಕಾಫಿ, ಊಟದ ಕೊನೆಗೆ ಮೊಸರನ್ನ, ಇಷ್ಟರಿಂದ ಆ ಮಿತಿ ಮೀರುವುದಿಲ್ಲ. ಮೀರುವುದು ಮಸಾಲೆದೋಸೆಯ ಮೇಲಣ ಬೆಣ್ಣೆಮುದ್ದೆಯಿಂದ, ಬೇಕರಿಯ ಪಫ್ಫಿನಿಂದ, ಒಬ್ಬಟ್ಟು ಮುಳುಗುವ ತುಪ್ಪದಿಂದ. ಕಾಫಿಗೆ ಕೆನೆ ತೆಗೆದ ಹಾಲನ್ನು ಹಾಕಿಸಿ, ತೆಳ್ಳಗಾಯಿತೆಂದು ಮೂರನೆಯ ಚಮಚ ಸಕ್ಕರೆಯನ್ನು ಕೇಳುವ ಮಹನೀಯರನ್ನು ತಾವೂ ಕಂಡಿರಬಹುದು. ಡಬ್ಬಿಯ ಮುಂಭಾಗದ ಬರಹ ಮಾರುವವನ ಇಚ್ಛೆ, ಹಿಂಭಾಗದ ಪಟ್ಟಿ ಕಾನೂನಿನ ಆಜ್ಞೆ. ‘ಲೋ ಫ್ಯಾಟ್’ ಎಂದು ಮುಂದೆ ಬರೆದಿರುವ ಹಣ್ಣಿನ ಮೊಸರನ್ನೋ ಬಾದಾಮಿ ಹಾಲನ್ನೋ ಕೊಳ್ಳುವಾಗ ಅದನ್ನು ತಿರುಗಿಸಿ, ಸೇರಿಸಿದ ಸಕ್ಕರೆಯ ಸಾಲನ್ನು ಓದತಕ್ಕದ್ದು.

ಮಕ್ಕಳ ವಿಷಯವನ್ನು ಈ ಲೆಕ್ಕದಿಂದ ಹೊರಗಿಡಬೇಕು. ಎರಡು ವರ್ಷದೊಳಗಿನ ಕೂಸಿಗೆ ಕೆನೆ ತೆಗೆದ ಹಾಲು ಸಲ್ಲದು. ಬೆಳೆಯುವ ಮೆದುಳಿಗೆ ಕೊಬ್ಬು ಬೇಕು. 2013ರಲ್ಲಿ ನಮ್ಮ ರಾಜ್ಯದಲ್ಲಿ ಕ್ಷೀರಭಾಗ್ಯವೆಂಬ ಯೋಜನೆ ಆರಂಭವಾದಾಗ ಶಾಲೆಯ ಮಕ್ಕಳಿಗೆ ಕೆನೆ ತೆಗೆಯದ ಹಾಲನ್ನೇ ಗೊತ್ತುಮಾಡಿದ್ದು ಯುಕ್ತವಾಗಿತ್ತು. ಆದರೆ ಹೃದಯಾಘಾತದಿಂದ ಚೇತರಿಸಿಕೊಂಡ ಅಜ್ಜ ಮತ್ತು ಆಗತಾನೆ ಹೆಜ್ಜೆಯಿಡುವ ಮೊಮ್ಮಗು ಒಂದೇ ಮನೆಯಲ್ಲಿರುವಾಗ, ಅಜ್ಜನ ಪಥ್ಯವನ್ನು ಮನೆಮಂದಿಗೆಲ್ಲ ಹಂಚುವುದೋ, ಇಲ್ಲವೆ ಮೊಮ್ಮಗುವಿನ ಹಾಲನ್ನೇ ಅಜ್ಜನಿಗೂ ಕೊಡುವುದೋ ನಮ್ಮಲ್ಲಿ ವಾಡಿಕೆಯಾಗಿದೆ. ಒಂದೇ ಪಾತ್ರೆಯಲ್ಲಿ ಕಾಯಿಸುವುದು ಸುಲಭ ನೋಡಿ. ಅಂಥ ಮನೆಯವರು ದಯವಿಟ್ಟು ಎರಡು ಬಣ್ಣದ ಪ್ಯಾಕೆಟ್ಟುಗಳನ್ನು ತಂದು ಎರಡು ಪಾತ್ರೆಗಳಲ್ಲಿ ಕಾಯಿಸಲಿ.